ಒಂದು ಕೊಳವೆ ಸಾಕು

ಹಿರೇಕೊಡಿಗೆಯ ಗಿರಣಿ ಸುಂದರೇಶನಿಗೆ ರಸ್ತೆಯ ತಿರುವು ಬಂದಾಗಲೆಲ್ಲ ಕೆಮ್ಮು ಬರುತ್ತದೆ. ನಮ್ಮ ಕಡೆಯ ರಸ್ತೆಗಳಿಗೆ ತಿರುವುಗಳೇನು ಕಡಿಮೆಯೇ. ಗಿರಣಿಯಿಂದ ಬಸ್ಸಿನ ಜಾಗಕ್ಕೆ ಬರುವಷ್ಟರಲ್ಲಿ ಆಸಾಮಿ ಕ್ಷಯ ಹಿಡಿದವನ ಹಾಗೆ ಕೆಮ್ಮಿ ಮುಗಿಸಿರುತ್ತಾನೆ. ಹೊಸಬರು ಹಿಟ್ಟಿನ ಧೂಳು ಎದೆಗೆ ಇಳಿದಿದೆಯೆಂದು ಮರುಗಿ, ಜೇನುತುಪ್ಪ, ಕಾಳುಮೆಣಸು ಎಂದು ಮದ್ದು ಹೇಳುತ್ತಾರೆ. ಅವನ ಎದೆ ಕಲ್ಲುಗುಂಡಿನಂತಿದೆ. ಎಡಗಣ್ಣಿಲ್ಲದ ತಾನು ಎದುರಾದರೆ ಶುಭಕಾರ್ಯಕ್ಕೆ ಹೊರಟವರಿಗೆ ಕಸಿವಿಸಿಯಾದೀತು, ತಿರುವಿನಾಚೆ ಯಾರಾದರೂ ಮೆಟ್ಟಿಲಿಳಿಯುತ್ತಿದ್ದರೆ ಒಂದು ಗಳಿಗೆ ಒಳಗೆ ಸರಿದುಕೊಳ್ಳಲಿ ಎಂದು ಅವನು ಮುಂಚಿತವಾಗಿ ಕೊಡುವ ಸೂಚನೆ ಅದು. ಹೆಣ್ಣು ನೋಡಲು ಹೊರಟವರು, ಪರೀಕ್ಷೆಗೆ ಹೊರಟವರು, ಆಪರೇಷನ್ನಿಗೆಂದು ಘಟ್ಟ ಇಳಿಯಲು ಹೊರಟವರು, ಎಲ್ಲರೂ ಆ ಕೆಮ್ಮು ಕಿವಿಗೆ ಬಿದ್ದೊಡನೆ ಚಪ್ಪಲಿ ಬಿಟ್ಟು ಒಳಹೊಕ್ಕು, ಒಂದು ಲೋಟ ನೀರು ಕುಡಿದು, ಅವನು ದಾಟಿಹೋದ ಮೇಲೆ ಹೊಸದಾಗಿ ಹೊರಡುತ್ತಾರೆ. ಹೀಗೆ ಮಾಡೆಂದು ಯಾರೂ ಅವನಿಗೆ ಹೇಳಿದ್ದಲ್ಲ. ಯಾಕೆ ಕೆಮ್ಮುತ್ತೇನೆಂದು ಅವನೂ ಯಾರಿಗೂ ಹೇಳಿದವನಲ್ಲ.

ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಹಾರಿಬಂದ ಚಿನ್ನಿ ಆ ಕಣ್ಣನ್ನು ತೆಗೆದುಕೊಂಡು ಹೋಯಿತು. ಹೊಡೆದವರು ಯಾರೆಂದು ಅವನು ಇಂದಿಗೂ ಬಾಯಿ ಬಿಟ್ಟಿಲ್ಲ. ನಾನೂ ಅವನೂ ಒಂದೇ ಬೆಂಚಿನವರು. ಅವನ ಬಲಗಡೆಗೆ ನನ್ನ ಜಾಗ, ಎಡಗಡೆಗೆ ಗೋಡೆ. ಕಾಣದ ಪಕ್ಕವನ್ನು ಕಾಯ್ದುಕೊಳ್ಳಲೆಂದು ಕತ್ತನ್ನು ಸದಾ ಎಡಕ್ಕೆ ಹೊರಳಿಸಿಕೊಂಡೇ ನಡೆಯುವುದರಿಂದ, ದೂರದಿಂದ ನೋಡಿದವರಿಗೆ ಅವನ ಎಡಮಗ್ಗುಲಲ್ಲಿ ಯಾರೋ ಜೊತೆಗೆ ಬರುತ್ತಿರುವಂತೆ, ಅವರ ಮಾತಿಗೆ ಇವನು ತನ್ಮಯನಾಗಿ ಕಿವಿಗೊಟ್ಟಿರುವಂತೆ ಕಾಣುತ್ತದೆ. ಮೈಮೇಲೆ ಚಳಿಗಾಲ, ಬೇಸಗೆ ಎನ್ನದೆ ಒಂದು ಖಾಕಿ ಕೋಟು. ಅಕ್ಕಿ ಬೀಸಿದ ದಿನ ಅದು ಬೆಳ್ಳಗೆ, ರಾಗಿ ಬೀಸಿದ ದಿನ ಕಂದು, ಮೆಣಸಿನಕಾಯಿ ಬೀಸಿದ ದಿನವಂತೂ ಅದರ ಹತ್ತಿರ ಸುಳಿಯುವಂತಿಲ್ಲ. ಒಮ್ಮೆ ಕೂಲಿಂಗ್ ಗ್ಲಾಸು ಹಾಕಿ ನೋಡಿದ; ಅದರ ಮೇಲೂ ಹಿಟ್ಟು ಕೂತು ಇದ್ದ ಕಣ್ಣಿಗೂ ಕತ್ತಲಾಗತೊಡಗಿದಾಗ ತೆಗೆದಿಟ್ಟ.

ಮದುವೆಯ ಪ್ರಯತ್ನವೂ ಒಂದು ಆಯಿತು. ಸೀತೂರಿನ ಕಡೆ ಹೆಣ್ಣು ನೋಡಿ ಬಂದವನನ್ನು ಏನಾಯಿತೋ ಎಂದು ಕೇಳಿದ್ದಕ್ಕೆ, "ನೋಡಕ್ಕೆ ಅಂತ ಹೋಗಿದ್ದು ನಾನು ಮಾರಾಯ. ಅವರೇ ಮನೆಮಂದಿಯೆಲ್ಲ ನನ್ನ ಕಣ್ಣು ನೋಡಿ, ಉಪ್ಪಿಟ್ಟು ಕೊಟ್ಟು ಕಳಿಸಿದ್ರು" ಎಂದು ನಕ್ಕ. ಆಮೇಲೆ ಆ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಅವನ ಒಬ್ಬಂಟಿ ಸಂಸಾರ; ರಸ್ತೆಯ ಆಚೆ ದಿಣ್ಣೆಯ ಮೇಲೆ ಅಣ್ಣ ಕೃಷ್ಣಪ್ಪನ ಮನೆ. ಅತ್ತಿಗೆ ಪ್ರೇಮಕ್ಕ ಕೆಟ್ಟವರಲ್ಲ. ಹಬ್ಬಹರಿದಿನದಲ್ಲಿ ಮೊದಲ ಹೋಳಿಗೆ ಇವನಿಗೇ ಎತ್ತಿಡುವವರು, ಆದರೆ ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಗಿರಣಿಗೇ ಕಳಿಸಿಕೊಡುವವರು.

ಗಿರಣಿ ಎಂದರೆ ಜನ ಬರುವ ಜಾಗ ನಿಜ. ಆದರೆ ಯಂತ್ರ ತಿರುಗುವಾಗ ಮಾತು ಕೇಳಿಸದು; ನಿಂತಾಗ ಮಾತಾಡುವವರು ಇರುವುದಿಲ್ಲ, ಡಬ್ಬಿ ಇಟ್ಟು ಪೇಟೆಗೆ ಹೋಗಿರುತ್ತಾರೆ. ಹಗಲೆಲ್ಲ ಹೀಗೆ ಕಳೆದು, ಹೊತ್ತು ಮುಳುಗಿ ಇನ್ನು ಯಾರೂ ಯಾವ ಶುಭಕಾರ್ಯಕ್ಕೂ ಹೊರಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಸುಂದರೇಶ ರಸ್ತೆಗೆ ಇಳಿಯುತ್ತಿದ್ದ. ಆಗ ಮಾತ್ರ ಅವನ ಕೆಮ್ಮಿಗೆ ರಜೆ. ಮೇಲೆ ನಕ್ಷತ್ರಗಳು, ಅವಕ್ಕೆ ಇವನು ಎದುರಾದರೂ ಒಂದೇ, ಬಿಟ್ಟರೂ ಒಂದೇ. ಮನುಷ್ಯರ ಕಣ್ಣು ತಪ್ಪಿಸಿ ನಡೆಯುತ್ತ ನಡೆಯುತ್ತ ಅವನಿಗೆ ಆಕಾಶದ ಹುಚ್ಚು ಹಿಡಿಯಿತು, ಹತ್ತಿರದಿಂದ ನೋಡಬೇಕೆಂಬ ಆಸೆ ಹುಟ್ಟಿತು.

ಕೊಪ್ಪದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪ್ರದೀಪರನ್ನು ಹೋಗಿ ಕೇಳಿದ. ಸಜ್ಜನರು; ಸರಿಯಾದ ಸಲಹೆಯನ್ನೇ ಕೊಟ್ಟರು. "ಮೊದಲಿಗೇ ಟೆಲಿಸ್ಕೋಪ್ ಬೇಡ ಸುಂದರೇಶಣ್ಣ. ಒಂದು ಒಳ್ಳೆ ದುರ್ಬೀನು ತಗೊಳ್ಳಿ. ಎರಡೂ ಕಣ್ಣಲ್ಲಿ ನೋಡೋ ಆಕಾಶವೇ ಬೇರೆ" ಎಂದರು. ಹಾಗೆನ್ನುವಾಗ ಅವರು ಸೌಜನ್ಯದಿಂದ ಕಿಟಕಿಯಾಚೆ ನೋಡುತ್ತಿದ್ದರಂತೆ. ನಮ್ಮೂರಿನ ಒಳ್ಳೆಯವರೆಲ್ಲರೂ ಅವನೊಡನೆ ಮಾತಾಡುವಾಗ ಮುಖ ನೋಡದೆ ಹೆಗಲಾಚೆ ಎಲ್ಲೋ ನೋಡುತ್ತಾರೆ. ತನಗಿರುವುದು ಒಂದೇ ಕಣ್ಣೆಂದು ನೆನಪಿಸಿ ಅವರಿಗೆ ಮುಜುಗರ ಮಾಡಲು ಇವನಿಗೂ ಮನಸ್ಸು ಬರಲಿಲ್ಲ. ಆಯ್ತು ಮೇಷ್ಟ್ರೇ ಎಂದು ಬಂದು, ದುರ್ಬೀನನ್ನೇ ತರಿಸಿದ. ಬಲಗಡೆಯ ಕೊಳವೆಯಲ್ಲಿ ಕೃತ್ತಿಕೆಯ ಗೊಂಚಲು ಕಂಡಿತು. ಎಡಗಡೆಯ ಕೊಳವೆ ಇಲ್ಲದ ಕಣ್ಣಿನ ಮೇಲೆ ತಣ್ಣಗೆ ಕೂತಿತ್ತು. ನಾಲ್ಕು ದಿನ ನೋಡಿ ವಾಪಸು ಕಳಿಸಲು ಕೊಪ್ಪಕ್ಕೆ ಒಯ್ದ.

ಕೊಪ್ಪದಲ್ಲಿ ಇಸ್ರಾರನ ಚಪ್ಪಲಿ ಅಂಗಡಿ. ಸುತ್ತಲ ಹಳ್ಳಿಗಳ ಪಾರ್ಸೆಲ್ಲುಗಳು ಬಂದಿಳಿಯುವುದೂ ಅಲ್ಲೇ, ವಾಪಸು ಹೋಗುವುದೂ ಅಲ್ಲಿಂದಲೇ. ದುರ್ಬೀನನ್ನು ಕೈಗೆತ್ತಿಕೊಂಡ ಇಸ್ರಾರ್ ಕೇಳಿದ.

"ಎಂತ ಹಾಳಾಗಿದೆ ಇದರಲ್ಲಿ?"

"ಹಾಳಾಗಿಲ್ಲ. ಒಂದು ಕಡೆ ಕಾಣ್ತಿಲ್ಲ."

ಇಸ್ರಾರ್ ಬಾಗಿಲಿಗೆ ಬಂದು ಎದುರಿನ ಗುಡ್ಡವನ್ನು ಈ ಕೊಳವೆಯಲ್ಲಿ, ಆ ಕೊಳವೆಯಲ್ಲಿ, ಎರಡರಲ್ಲೂ ನೋಡಿದ. "ಎರಡೂ ಕಡೆ ಚೆನ್ನಾಗೇ ಕಾಣ್ತದಲ್ಲ" ಎನ್ನುತ್ತ ತಿರುಗಿ ಸುಂದರೇಶನ ಮುಖವನ್ನು ನೇರವಾಗಿ ನೋಡಿದವನು ಹಣೆ ಬಡಿದುಕೊಂಡ. "ಅಲ್ಲ ಮಾರಾಯ, ನಿಂಗಿರೋದೇ ಒಂದು ಕಣ್ಣು! ಎರಡು ಕೊಳವೆ ಎಂತಕ್ಕೆ ತರಿಸ್ದೆ? ಒಂದು ಕೊಳವೆ ಸಾಕು."

ಅಂಗಡಿಯಲ್ಲಿ ಚಪ್ಪಲಿ ಮೆಟ್ಟಿ ನೋಡುತ್ತಿದ್ದವರೆಲ್ಲ ಕಾಲು ಹಾಗೇ ಎತ್ತಿಕೊಂಡು ನಿಂತುಬಿಟ್ಟರು. ಸುಂದರೇಶ ಮೊದಲು ತಬ್ಬಿಬ್ಬಾದ, ಆಮೇಲೆ ನಗತೊಡಗಿದ. ಬೆಂಚಿನ ಮೇಲೆ ಕುಸಿದು ಕೂತು, ಕೋಟಿನಿಂದ ಹಿಟ್ಟು ಹಾರುವ ಹಾಗೆ ನಕ್ಕ. ನಗುವಿನ ಭರಕ್ಕೆ ಕಣ್ಣೀರು ಬಂತು, ಎರಡೂ ಕಣ್ಣಿನಿಂದ ಬಂತು. ಅಷ್ಟು ವರ್ಷಗಳಲ್ಲಿ ಅವನೆದುರಿಗೆ ಅವನ ಕಣ್ಣಿನ ಮಾತನ್ನು ಬಾಯಿ ಬಿಟ್ಟು ಆಡಿದ ಮೊದಲ ಮನುಷ್ಯ ಇಸ್ರಾರ್. ಅಂದಿನಿಂದ ಅವರಿಬ್ಬರದು ಕುತ್ತಿಗೆ ಕೊಯ್ದರೂ ಬಿಡದ ಸ್ನೇಹ.

ಊರಿನಲ್ಲಿ ಮದುವೆ, ಮುಂಜಿ ಇದ್ದ ದಿನ ಗಿರಣಿಗೆ ಬೀಗ ಹಾಕಿ ಮೊದಲ ಬಸ್ಸಿಗೆ ಕೊಪ್ಪಕ್ಕೆ ಹೋಗುವುದು ಸುಂದರೇಶನ ಹಳೆಯ ಪದ್ಧತಿ. ಈಗ ಹೋದಲ್ಲಿ ಒಂದು ಕೆಲಸವೂ ಆಯಿತು. ಗಿರಾಕಿಗಳ ನಡುವೆ ಇಬ್ಬರೂ ಫೋನಿನೊಳಗೆ ತಲೆ ಹಾಕಿ ಟೆಲಿಸ್ಕೋಪು ಆರಿಸುವರು. ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತೇನೆಂದು ಎದೆ ತಟ್ಟಿಕೊಳ್ಳುವ ಉದ್ದನೆಯ ಕೊಳವೆಗಳನ್ನು ಇಸ್ರಾರ್ ಮೆಚ್ಚಿದರೆ ಸುಂದರೇಶ ಒಪ್ಪಲೊಲ್ಲ. "ನುಣ್ಣಗೆ ಬೀಸಿದ್ರೆ ಹಿಟ್ಟು ಜಾಸ್ತಿ ಆಗ್ತದಾ? ಹಾಕಿದ ಕಾಳು ಎಷ್ಟೋ ಅಷ್ಟೇ" ಎನ್ನುವನು. ಕಾಳು ಎಂದರೆ ಬೆಳಕು. ಅದು ಹೆಚ್ಚು ಬೀಳಬೇಕಾದರೆ ಕೊಳವೆಯ ಬಾಯಿ ಅಗಲವಿರಬೇಕು. ಬಾಯಿ ಕಿರಿದಾಗಿಟ್ಟು ಎಷ್ಟು ಹಿಗ್ಗಿಸಿದರೂ ಮಸುಕೇ ಗತಿ. ಸಣಕಲು ಮೂರು ಕಾಲಿನ ಸ್ಟ್ಯಾಂಡುಗಳನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ನಡುಗುವ ಕಾಲಿನ ಮೇಲೆ ಎಂಥ ಗಾಜು ಕೂರಿಸಿದರೂ ಚಂದ್ರ ಕುಣಿಯುತ್ತಾನೆಯೇ ವಿನಾ ನಿಲ್ಲುವುದಿಲ್ಲ. ಹೀಗೆ ಎರಡು ಮದುವೆ ಸೀಸನ್ನು ಆರಿಸಿ ಆರಿಸಿ, ಕೊನೆಗೆ ಕಾಲೇ ಇಲ್ಲದ, ಮರದ ತಿರುಗುಮಣೆಯ ಮೇಲೆ ಕೂರುವ, ತಳದಲ್ಲಿ ಕನ್ನಡಿಯಿರುವ ಗಿಡ್ಡನೆಯ ದಪ್ಪ ಕೊಳವೆಯೊಂದನ್ನು ತರಿಸಿದರು.

ಗಿರಣಿಯ ಅಂಗಳದಲ್ಲಿ ಸವೆದ ಬೀಸುಕಲ್ಲುಗಳು ಬಿದ್ದಿದ್ದವು. ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಟೆಲಿಸ್ಕೋಪನ್ನು ಕೂರಿಸಿದ. ಭೂಮಿ ನಡುಗಿದರೂ ಅದು ನಡುಗುವಂತಿರಲಿಲ್ಲ. ಮಳೆಗಾಲದಲ್ಲಿ ಕನ್ನಡಿಗೆ ಬೂಸ್ಟು ಹಿಡಿಯದಿರಲೆಂದು ಇಸ್ರಾರ್ ಹೊಸ ಶೂಗಳ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಒಟ್ಟುಮಾಡಿ ಕೊಟ್ಟ. ಮೊದಲ ಸಲ ಚಂದ್ರನನ್ನು ನೋಡಿದ ಮರುದಿನ ಅಕ್ಕಿ ಬೀಸಿಸಲು ಹೋದ ನಾನು, ಹೇಗಿತ್ತೆಂದು ಕೇಳಿದೆ. ಸುಂದರೇಶ ಯಂತ್ರ ನಿಲ್ಲಿಸಿದ.

"ಚೆನ್ನಾಗಿತ್ತು. ಹಪ್ಪಳದ ಮೇಲೆ ಗುಳ್ಳೆ ಎದ್ದಂಗೆ ಕಾಣ್ತದೆ. ಆದ್ರೆ ಒಂದು ಕಷ್ಟ ಮಾರಾಯ. ನೋಡಿ ತಲೆ ಎತ್ತಿದ್ಮೇಲೆ, ಪಕ್ಕದಲ್ಲಿರೋರಿಗೆ 'ನೀನೂ ನೋಡು' ಅನ್ಬೇಕು ಅನ್ನಿಸ್ತದೆ."

ಇದಾದ ಮರುವರ್ಷದ ಮಾಘದಲ್ಲಿ ಅಣ್ಣನ ಮಗಳು ಚೈತ್ರಳ ಮದುವೆ ಗೊತ್ತಾಯಿತು. ಬೇಗಾರಿನ ಹುಡುಗ, ಶೃಂಗೇರಿಯ ಛತ್ರ. ಚೈತ್ರ ಈ ಚಿಕ್ಕಪ್ಪನ ಹೆಗಲೇರಿ, ಅವನ ಕೋಟಿನ ಹಿಟ್ಟು ಬಳಿದುಕೊಂಡು ಬೆಳೆದವಳು. ಅವಳ ಒಂದೊಂದು ಪರೀಕ್ಷೆಯ ಬೆಳಗ್ಗೆಯೂ ಇವನು ಗಿರಣಿಯ ಬಾಗಿಲು ಎಳೆದುಕೊಂಡು, ಅವಳು ಹತ್ತಿದ ಬಸ್ಸಿನ ಸದ್ದು ಅಡಗುವವರೆಗೆ ಒಳಗೇ ಕೂತಿದ್ದವನು. "ಈ ಸಲ ಒಂದ್ಸಲ ಎದುರಿಗೆ ನಿಂತು ಅವಳನ್ನ ಕಳಿಸ್ಬೇಕು ಅಂತ ಆಸೆ" ಎಂದು ಒಂದು ಸಂಜೆ ನನ್ನ ಹತ್ತಿರ ಹೇಳಿದ. ಹೇಳಿದವನೇ ತಪ್ಪಾಡಿದವನ ಹಾಗೆ, "ಸುಮ್ನೆ ಅಂದೆ. ಯಾರ್ಗೂ ಹೇಳ್ಬೇಡ" ಎಂದ. ನಾನು ಯಾರಿಗೂ ಹೇಳಲಿಲ್ಲ.

ಮದುವೆಯ ಮುನ್ನಾದಿನ ಸಂಜೆ, ಅಂಗೈಗೆ ಹಚ್ಚಿದ ಮದರಂಗಿ ಒಣಗುವ ಮೊದಲೇ ಚೈತ್ರ ನೆಂಟರ ಹಿಂಡನ್ನು ಕಟ್ಟಿಕೊಂಡು ಗಿರಣಿಯ ಅಂಗಳಕ್ಕೆ ಇಳಿದು ಬಂದಳು. ಶನಿಯ ಹೆಸರೆತ್ತುವ ದಿನವಲ್ಲ ಅದು. ಸುಂದರೇಶ ಜಾಣತನದಿಂದ ಕೊಳವೆಯನ್ನು ಗುರುವಿನ ಕಡೆ ತಿರುಗಿಸಿ, "ಗುರುಬಲ ಇದೆಯೋ ಇಲ್ವೋ ನೀವೇ ನೋಡ್ಕೊಳ್ಳಿ" ಎಂದ. ಜನ ನಕ್ಕರು, ಸಾಲಾಗಿ ನಿಂತರು. ಬುಡದಲ್ಲಿ ಇಣುಕಿದವರನ್ನು ಅವನು ಕೊಳವೆಯ ಕುತ್ತಿಗೆಯ ಬಳಿಗೆ ಕರೆದು, "ಇಲ್ಲಿ. ಒಂದು ಕಣ್ಣು ಮುಚ್ಚಿ" ಎಂದು ಹೇಳಿಕೊಡುತ್ತಿದ್ದ. ಹಳದಿ ಪೇಟದ ಹಿರಿಯರು, ಬೆಂಗಳೂರಿನ ಅತ್ತೆ, ಅವನು ಎದುರಾದರೆ ಒಳಗೆ ಹೋಗಿ ನೀರು ಕುಡಿಯುವವರು, ಒಬ್ಬೊಬ್ಬರಾಗಿ ಬಂದು ಒಂದು ಕಣ್ಣು ಮುಚ್ಚಿ ಬಾಗಿದರು. ಒಂದೇ ಕಣ್ಣು ಮುಚ್ಚುವುದು ಎಷ್ಟು ಜನಕ್ಕೆ ಬರುವುದಿಲ್ಲವೆಂದು ಅಂದು ತಿಳಿಯಿತು. ಪ್ರೇಮಕ್ಕನಿಗಂತೂ ಸುತರಾಂ ಬರಲಿಲ್ಲ. ಒಂದು ಮುಚ್ಚಹೋದರೆ ಎರಡೂ ಮುಚ್ಚಿಹೋಗುತ್ತಿದ್ದವು. ಕೊನೆಗೆ ಸೆರಗನ್ನು ಎಡಗಣ್ಣಿಗೆ ಒತ್ತಿಹಿಡಿದು ಬಾಗಿದರು.

ಬಹಳ ಹೊತ್ತು ಅವರು ಬಾಗಿಯೇ ಇದ್ದರು. ಆಮೇಲೆ ಕಣ್ಣು ತೆಗೆಯದೆಯೇ, "ಇವನ ಮಗ್ಗುಲಲ್ಲಿ ನಾಕು ಚುಕ್ಕಿ ಇದಾವಲ್ಲೋ" ಎಂದರು.

"ಹೌದು ಅತ್ತಿಗೆ. ಗುರುವಿನ ಚಂದ್ರಗಳು."

"ಇಷ್ಟು ದಿನ ಇದನ್ನೆಲ್ಲ ನೀನು ಒಬ್ನೇ ನೋಡ್ತಿದ್ಯಾ ಸುಂದರ?"

ಅವನು ಹೌದೆಂದ. ಪ್ರೇಮಕ್ಕ ಸೆರಗು ಇಳಿಸಿ, ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಇನ್ನೇನೋ ಹೇಳಲಿದ್ದರು. ಅಷ್ಟರಲ್ಲಿ ಅಡುಗೆಯವರು ಬೆಲ್ಲ ಎಲ್ಲಿದೆಯೆಂದು ಮೇಲಿನಿಂದ ಕೂಗಿದರು. ಅವರು ದಿಣ್ಣೆ ಹತ್ತಿ ಹೋದರು.

ಮರುದಿನ ಬೆಳಗ್ಗೆ ದಿಬ್ಬಣದ ಬಸ್ಸು ಮನೆಯ ಮುಂದೆ ನಿಂತಿತ್ತು. ನಾವೆಲ್ಲ ಹತ್ತಿ ಕೂತೆವು. ಚೈತ್ರ ಮೆಟ್ಟಿಲಿಗೆ ಕಾಲಿಡಬೇಕೆನ್ನುವಾಗ ಪ್ರೇಮಕ್ಕ ಅವಳ ತೋಳು ಹಿಡಿದು, "ತಡಿ. ಸುಂದರ ಎದುರಿಗೆ ಬರ್ಲಿ, ಆಮೇಲೆ ಹೊರಡೋಣ" ಎಂದುಬಿಟ್ಟರು. ಬಸ್ಸಿನೊಳಗೆ ಗುಸುಗುಸು ಎದ್ದಿತು. ಕೃಷ್ಣಪ್ಪ ಹೆಂಡತಿಯ ಮುಖವನ್ನೊಮ್ಮೆ ನೋಡಿ, ತಾವೇ ಗಿರಣಿಗೆ ಓಡಿದರು. ಬೀಗ ಹಾಕಿತ್ತು. ಫೋನು ಮಾಡಿದರೆ, ಚಾರ್ಜಿಗೆ ಹಾಕಿ ಮರೆತುಹೋದ ಅವನ ಫೋನು ಆ ಬೀಗದ ಒಳಗಿನಿಂದಲೇ ಹಾಡತೊಡಗಿತು. ಅವನು ಎಂದಿನಂತೆ ಮೊದಲ ಬಸ್ಸಿಗೆ ಕೊಪ್ಪಕ್ಕೆ ಹೋಗಿಯಾಗಿತ್ತು. ಪ್ರೇಮಕ್ಕ ನಂಬಲಿಲ್ಲ, ಇಲ್ಲೇ ಎಲ್ಲೋ ಇರಬಹುದೆಂದು ರಸ್ತೆಯ ತಿರುವನ್ನೇ ನೋಡುತ್ತ ನಿಂತರು. ಪುರೋಹಿತರು ಮುಹೂರ್ತವನ್ನು ನೆನಪಿಸಿದರು, ಡ್ರೈವರ್ ಹಾರ್ನ್ ಒತ್ತಿದ. ಕೊನೆಗೆ ಕಣ್ಣೊರೆಸಿಕೊಂಡು ಹತ್ತಿದರು.

ಕೊಪ್ಪ ದಾಟುವಾಗ ಅವರು ಕಿಟಕಿಯಿಂದ ಇಸ್ರಾರನ ಅಂಗಡಿಯ ಕಡೆ ಕತ್ತು ಚಾಚಿದ್ದನ್ನು ನಾನು ನೋಡಿದೆ. ಇಸ್ರಾರ್ ಬಾಗಿಲಲ್ಲಿ ನಿಂತಿದ್ದ. ಮದುವೆಯ ಬಸ್ಸು ಬರುವುದು ಕಂಡೊಡನೆ ಸುಂದರೇಶ ಚಪ್ಪಲಿ ಜೋಡಿಸಿದ ಕಪಾಟಿನ ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ನಿಂತಿದ್ದನೆಂದು ಇಸ್ರಾರನೇ ಆಮೇಲೆ ನನಗೆ ಹೇಳಿದ.

ಎರಡು ದಿನ ಬಿಟ್ಟು ಗಿರಣಿಗೆ ಹೋಗಿ, ನಡೆದದ್ದನ್ನೆಲ್ಲ ನಾನು ಅವನಿಗೆ ಹೇಳಿದೆ. ಕಾಳು ಸುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಎಷ್ಟು ಹೊತ್ತು ಕಾದ್ರು?"

"ತುಂಬಾ ಹೊತ್ತು ಮಾರಾಯ. ಡ್ರೈವರ್ ಬೈಯಕ್ಕೆ ಶುರು ಮಾಡಿದ್ದ."

"ಅತ್ತಿಗೆ ಕೆಳಗೇ ನಿಂತಿದ್ರಾ?"

"ಕೆಳಗೇ."

"ಚೈತ್ರ?"

"ಅವಳೂ."

ಅವನು ತಲೆಯಾಡಿಸಿದ. ಮತ್ತೆರಡು ಬೊಗಸೆ ಕಾಳು ಸುರಿದು, "ತುಂಬಾ ಹೊತ್ತು ಅಂದ್ರೆ?" ಎಂದು ಮತ್ತೆ ಕೇಳಿದ. ನಾನು ಮೊದಲಿಂದ ಇನ್ನೊಮ್ಮೆ ಹೇಳಿದೆ.

ಲೋಕದಲ್ಲಿ ದಾರಿ ಬಿಟ್ಟುಕೊಡುವವರದೇ ಒಂದು ಕುಲವಿದೆ. ಪರರ ಶುಭಕ್ಕೆ ತಮ್ಮ ನೆರಳು ತಾಕಬಾರದೆಂದು ಅವರು ಅನುದಿನವೂ ಓರೆಯಾಗಿ ಸರಿಯುತ್ತ ಸರಿಯುತ್ತ, ಆ ಸರಿಯುವಿಕೆಯೇ ಅವರ ಮೈಗುಣವಾಗಿ ಹೋಗಿರುತ್ತದೆ. ಅವರು ನೊಂದುಕೊಂಡಿದ್ದಾರೆಂದು ಕೂಡ ನಮಗೆ ಹೊಳೆಯದಷ್ಟು ಸಹಜವಾಗಿರುತ್ತದೆ. ನಾವು ಕೆಟ್ಟವರೇನಲ್ಲ, ಎಂದಾದರೊಂದು ದಿನ ನಮ್ಮ ಮನಸ್ಸೂ ಕರಗುತ್ತದೆ, ಬಾಗಿಲಲ್ಲಿ ನಿಂತು ಅವರ ಹೆಸರು ಹಿಡಿದು ಕೂಗುತ್ತೇವೆ. ಆದರೆ ಅಂಥವರನ್ನು ಕರೆಯುವ ಮನಸ್ಸಿದ್ದರೆ ಹಿಂದಿನ ದಿನವೇ ಹೇಳಿಬಿಡಬೇಕು. ಬೆಳಗಾಗುವಷ್ಟರಲ್ಲಿ ಅವರು ಹೊರಟುಹೋಗಿರುತ್ತಾರೆ.