ಅರ್ಧಕ್ಕೆ ಕಟ್ಟಿಹಾಕಿದ ವೇಗ

ಹರಿಹರದಿಂದ ದಿನವೂ ಬಸ್ಸಿನಲ್ಲಿ ಬಂದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದವಳು ರೇಖಾ. ಆ ಬೇಸಿಗೆಯಿಂದ ಅವಳ ಕೆಲಸ ಹಿಂದೆ ಬೀಳತೊಡಗಿತು. ಒಂದು ದೃಶ್ಯ ಕತ್ತರಿಸಿದರೆ ಕಂಪ್ಯೂಟರ್ ಎಷ್ಟೋ ಹೊತ್ತು ತಡವರಿಸುತ್ತಿತ್ತು. ಹೇಳಿದಾಗಲೆಲ್ಲ ಮಾಲೀಕ ಅಂಜನ್ ಕುಮಾರ್, “ಮಷಿನ್ ಹೊಸಾದೈತೆ. ವಯಸ್ಸಾತು, ನಿಮ್ಮ ಕೈಯೇ ನಿಧಾನ ಆಗೈತೆ” ಅನ್ನುತ್ತಿದ್ದ. ನಲವತ್ತು ದಾಟಿದ ರೇಖಾ ಕೊನೆಗೆ ಅದನ್ನೇ ನಂಬಿದಳು. ಊಟ ಬಿಟ್ಟು ದುಡಿದಳು. ಆದರೂ ಒಂದು ಆರತಕ್ಷತೆಯ ವಿಡಿಯೋ ತಡವಾಯಿತೆಂದು ಅವನು ಅವಳನ್ನು ಕೆಲಸದಿಂದ ಬಿಡಿಸಿ, ಆ ಜಾಗಕ್ಕೆ ಶಿವು ಎಂಬವನನ್ನು ಕರೆತಂದ.

ಅವಳು ಕೆಲಸ ಒಪ್ಪಿಸಲು ಹೋದ ದಿನ ಶಿವು ಸೆಟ್ಟಿಂಗ್ಸ್ ತೆರೆದು ನೋಡಿದ. “ಸರ್, ಪ್ರೊಸೆಸರ್ ಅರ್ಧ ವೇಗದ ಮೇಲೆ ಓಡದಂಗೆ ಯಾರೋ ಕಟ್ಟಿಹಾಕ್ಯಾರಲ್ರಿ.”

“ನಾನೇ ಇಟ್ಟಿದ್ದೆ,” ಎಂದ ಅಂಜನ್ ಕುಮಾರ್. “ಕರೆಂಟ್ ಹೋದ್ರೆ ಯುಪಿಎಸ್ ಜಾಸ್ತಿ ಹೊತ್ತು ತಡೀಲಿ ಅಂತ. ತೆಗೆಯೋದು ಮರ್ತೇಬಿಟ್ಟೆ.”

ಶಿವು ಅದನ್ನು ಬದಲಿಸಿದ. ಕುಂಟುತ್ತಿದ್ದ ಅದೇ ವಿಡಿಯೋ ರೇಖಾಳ ಕಣ್ಣೆದುರೇ ಸರಾಗವಾಗಿ ಓಡಿತು. ಮಾಲೀಕ ಏನಾದರೂ ಹೇಳಿಯಾನೆಂದು ಅವಳು ಕಾದಳು.

“ನೋಡ್ರಿ, ಹೊಸಬನ ಕೈ ಹೆಂಗೆ ಚುರುಕೈತೆ” ಎಂದ ಅವನು, ಒಳಬಂದ ಗಿರಾಕಿಗೆ.

“ಮರ್ತಿದ್ದು ನೀವು, ವಯಸ್ಸಾಗಿದ್ದು ಮಾತ್ರ ನನಗೆ” ಎಂದಳು ರೇಖಾ. ಅವನು ಕೇಳಿಸದವನಂತೆ ಗಿರಾಕಿಗೆ ಕುರ್ಚಿ ಎಳೆದುಕೊಟ್ಟ.

ಅವಳು ಹರಿಹರದ ಬಸ್ಸು ಹತ್ತಿದಳು. ಕೆಲಸ ಹೋದದ್ದಕ್ಕಿಂತ, ಅಷ್ಟು ತಿಂಗಳು ತನ್ನ ಕೈಯನ್ನೇ ತಾನು ಶಪಿಸಿಕೊಂಡದ್ದು ದಾರಿಯುದ್ದಕ್ಕೂ ಅವಳನ್ನು ಸುಟ್ಟಿತು.