ಬೇರುಗಂಟಿನ ಪುಡಿ

"ಬಾಗಿಲು ಹಾಕೇ ಬೇವರ್ಸಿ! ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

ಮೇಸ್ತ್ರಿ ಬೈದದ್ದು ನನ್ನ ಅತ್ತಿಗೆಯನ್ನು. ತಣ್ಣನೆ ಕೋಣೆಯೊಳಗೆ ಪೆಟ್ಟಿಗೆ ಇಟ್ಟು ಹೊರಬರುವಾಗ ಅವಳು ಹೊಸ್ತಿಲಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತಿದ್ದಳು. ಬೆನ್ನಿಗೆ ಆ ಗಾಳಿ ತಾಗಲಿ ಅಂತ. ಅಷ್ಟೇ.

"ಹಾಕ್ದೆ, ಬಿಡಿ," ಎಂದಳು. ಬಾಗಿಲು ದಪ್ಪವಾಗಿತ್ತು, ಭುಜ ಕೊಟ್ಟು ನೂಕಬೇಕು. ನೂಕಿದಳು.

"ನೀನು ಬಾಗಿಲಲ್ಲಿ ನಿಂತ್ರೆ ನಿನ್ ಮೈ ಶಾಖಾನೇ ಸಾಕು, ಒಳಗಿರೋ ಮಾಲೆಲ್ಲಾ ಬೆಂದು ಹೋಗುತ್ತೆ," ಎಂದು ಮೇಸ್ತ್ರಿ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿದ.

ನಮ್ಮದು ಪುಡಿ ಕಾರ್ಖಾನೆ. ಹುರುಳಿ, ಅಲಸಂದೆಯಂಥ ಗಿಡಗಳನ್ನು ಕಿತ್ತು ನೋಡಿದರೆ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿರುತ್ತವೆ. ರೋಗದ ಗಂಟಲ್ಲ. ಅದರೊಳಗೆ ಕಣ್ಣಿಗೆ ಕಾಣದ ಜೀವಾಣು ಸಂಸಾರ ಹೂಡಿರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಟ್ಟು ಸಾಕುತ್ತದೆ. ಬೆಳೆ ಕೊಯ್ದ ಹೊಲ ಬರಿದಾಗಿ ಬಿದ್ದಿರದಂತೆ ಇಂಥ ಗಿಡ ಬಿತ್ತಿ, ಹೂವಿನ ಹೊತ್ತಿಗೆ ಅಲ್ಲೇ ಉತ್ತುಬಿಟ್ಟರೆ ಮಣ್ಣಿಗೆ ಕಸುವು ಬರುತ್ತದೆ. ಆ ಬೀಜಕ್ಕೆ ಸವರಲೆಂದು ನಮ್ಮ ಧಣಿ ಜೀವಾಣುವನ್ನು ಕಪ್ಪು ಪುಡಿಯಲ್ಲಿ ಬೆರೆಸಿ, ಪೊಟ್ಟಣ ಕಟ್ಟಿಸಿ ಮಾರುತ್ತಿದ್ದ. ಇದನ್ನೆಲ್ಲ ನಮಗೆ ಹೇಳಿದ್ದು ಲ್ಯಾಬಿನ ಮೇಡಂ. ಕೇಳಿದ ಮೇಲೂ ನಾವು ಅದನ್ನು ಹುಳ ಎಂದೇ ಕರೆಯುತ್ತಿದ್ದೆವು.

ಬಿಸಿಲಿಗೆ ಹುಳ ಸಾಯುತ್ತದೆ. ಆದ್ದರಿಂದ ಲ್ಯಾಬಿಗೆ ಎಸಿ, ಪೊಟ್ಟಣ ಇಡುವ ಕೋಣೆಗೆ ಎಸಿ. ನಡುವೆ ನಾವು ಬೆರೆಸುವ ಶೆಡ್ಡಿಗೆ ತಗಡು. ಫ್ಯಾನು ಹಾಕಿದರೆ ಪುಡಿ ಹಾರುತ್ತದೆಂದು ಇದ್ದ ಫ್ಯಾನನ್ನೂ ಬಿಚ್ಚಿಸಿದ್ದರು. ಹೊರಗಿನ ಧೂಳು ಬೆರೆಯಬಾರದೆಂದು ಶಟರ್ ಇಳಿಸಿರುತ್ತಿದ್ದರು. ತಟ್ಟೆಯಲ್ಲಿ ಹರಡಿದ ಕಪ್ಪು ಪುಡಿಗೆ ಲ್ಯಾಬಿನಿಂದ ಬಂದ ಹಾಲಿನಂಥ ನೀರು ಸುರಿಯಬೇಕು, ಕೈಯಲ್ಲಿ ನಾದಬೇಕು, ಅಳೆದು ಪೊಟ್ಟಣಕ್ಕೆ ತುಂಬಬೇಕು. ಕಾದ ಯಂತ್ರದಲ್ಲಿ ಪೊಟ್ಟಣದ ಬಾಯಿ ಅಂಟಿಸುವವಳು ಅಜ್ಜಿ. ಯಾರಿಗೂ ಅಜ್ಜಿಯಲ್ಲ, ಎಲ್ಲರಿಗೂ ಅಜ್ಜಿ. ಸಂಜೆ ಮುಖ ತೊಳೆದರೂ ನಮ್ಮೆಲ್ಲರ ಕಣ್ಣಿನ ಅಂಚು ಕಪ್ಪಾಗಿಯೇ ಉಳಿಯುತ್ತಿತ್ತು. ಅಣ್ಣ ಬದುಕಿದ್ದಾಗ ಅತ್ತಿಗೆಯನ್ನು, "ದುಡ್ಡಿಲ್ದೆ ಕಾಡಿಗೆ ಹಚ್ಕೊಂಡು ಬರ್ತೀಯಲ್ಲೇ," ಎಂದು ರೇಗಿಸುತ್ತಿದ್ದ.

"ಮುಂದಿನ ಜನ್ಮ ಅಂತಿದ್ರೆ ಹುಳ ಆಗಿ ಹುಟ್ತೀನಿ ಕಣೆ," ಎಂದಳು ಅತ್ತಿಗೆ ಆವತ್ತು ನಾದುತ್ತಾ. "ಎಸಿ ರೂಮು, ಸಕ್ಕರೆ ನೀರು. ಬೈಯೋ ಮೇಸ್ತ್ರಿ ಇಲ್ಲ."

"ಆಮೇಲೆ ಮಣ್ಣಿಗೆ ಹಾಕ್ತಾರಲ್ಲೇ," ಎಂದಳು ಅಜ್ಜಿ.

"ನಮ್ಮನ್ನ ಈಗೇನು ಮೇಲಿಟ್ಟಿದ್ದಾರಾ?"

ನಕ್ಕೆವು. ನಗುವುದಕ್ಕೂ ಗಂಟಲು ಒಣಗಿತ್ತು.

ಮಧ್ಯಾಹ್ನ ಧಣಿ ಮಾಲು ಕೊಳ್ಳುವವರನ್ನು ಕರೆತಂದ. ನಮ್ಮ ಚಪ್ಪಲಿಗಳನ್ನು ಕಾಣದ ಹಾಗೆ ಎತ್ತಿಡಿಸಿದ್ದ. ಬಂದವರು ಮೊದಲು ಹಿತ್ತಲಿನ ಮಡಿಗಳಿಗೆ ಹೋದರು. ಮೇಡಂ ಅಲಸಂದೆ ಗಿಡವೊಂದನ್ನು ಕೀಳಿಸಿ, ಬೇರಿನ ಗಂಟನ್ನು ಬ್ಲೇಡಿನಿಂದ ಸೀಳಿ ತೋರಿಸಿದಳು. ಒಳಗೆ ಎಳೆ ಮಾಂಸದಂತೆ ಕೆಂಪಗಿತ್ತು. ಹಾಗೆ ಕೆಂಪಗಿದ್ದರೆ ಹುಳ ಚೆನ್ನಾಗಿ ದುಡಿಯುತ್ತಿದೆ ಎಂದು ಅರ್ಥವಂತೆ. ಆಮೇಲೆ ಎಲ್ಲರೂ ಶೆಡ್ಡಿಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದಿದ್ದ ಒಬ್ಬ, "ಇದರಿಂದ ಜನಕ್ಕೆ ಏನೂ ಆಗಲ್ಲ ತಾನೆ?" ಎಂದು ಕೇಳಿದ.

"ಏನಾಗುತ್ತೆ ಸಾರ್? ನೋಡಿ ಬೇಕಾದ್ರೆ," ಎಂದು ಧಣಿ ಸುತ್ತ ನೋಡಿದ. ಹತ್ತಿರ ನಿಂತಿದ್ದವಳು ಅತ್ತಿಗೆ. "ಏಯ್, ಬಾ ಇಲ್ಲಿ. ಒಂದು ಚಿಟಿಕೆ ಬಾಯಿಗೆ ಹಾಕ್ಕೊ."

ಅತ್ತಿಗೆ ಕದಲಲಿಲ್ಲ.

"ಹಾಕ್ಕೊಳ್ಳೇ. ಬರೀ ಮಣ್ಣು. ಸಾಯಲ್ಲ."

ಅವಳು ತಟ್ಟೆಯಿಂದ ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು.

"ನುಂಗು. ಬಾಯಿ ತೆಗ್ದು ತೋರ್ಸು."

ಬಾಯಿ ತೆರೆದಳು. ಹಲ್ಲು, ನಾಲಿಗೆ ಎಲ್ಲ ಕಪ್ಪು. ಬಂದವರಲ್ಲಿ ಒಬ್ಬ ಫೋಟೊ ಹಿಡಿದ, ಇನ್ನೊಬ್ಬ ನಕ್ಕ. ಕರವಸ್ತ್ರದವನು ಮಾತ್ರ ಮುಖ ಆಚೆ ತಿರುಗಿಸಿಕೊಂಡ. ಅವರು ಹೋದ ಮೇಲೆ ಅತ್ತಿಗೆ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ತೊಟ್ಟಿ ತಗಡಿನ ಮೇಲಿತ್ತು, ನೀರು ಕೈ ಸುಡುವಷ್ಟು ಕಾದಿತ್ತು. ನಾನು ಬೆನ್ನು ಸವರಲು ಹೋದೆ. "ಬಿಡೇ," ಎಂದಳು.

ಮಾರನೆಯ ದಿನ ಬಿಸಿಲು ಇನ್ನೂ ಏರಿತ್ತು. ಬಂದವರು ಒಪ್ಪಿಕೊಂಡ ಮಾಲು ಅಂದೇ ಹೋಗಬೇಕೆಂದು ಮೇಸ್ತ್ರಿ ಊಟಕ್ಕೂ ಬಿಡಲಿಲ್ಲ. ಅತ್ತಿಗೆ ನಾದುತ್ತಿದ್ದವಳು ಕೈ ನಿಲ್ಲಿಸಿದಳು. "ಚಳಿ ಆಗ್ತಿದೆ ಕಣೆ," ಎಂದಳು. ತಮಾಷೆ ಎಂದುಕೊಂಡೆ. ಅವಳ ತೋಳು ಮುಟ್ಟಿದರೆ ಒಂದು ಹನಿ ಬೆವರಿಲ್ಲ, ಹಂಚಿನ ಹಾಗೆ ಸುಡುತ್ತಿತ್ತು. ನಾನು ಹಿಡಿಯುವ ಮೊದಲೇ ತಟ್ಟೆಯ ಮೇಲೆ ಮುಖ ಅಡಿಯಾಗಿ ಬಿದ್ದಳು.

ಎತ್ತಿಕೊಂಡು ಹೊರಗೆ ತಂದೆವು. ತಣ್ಣನೆ ಕೋಣೆ ಅಲ್ಲೇ ಎದುರಿಗೆ. ಲ್ಯಾಬಿನಿಂದ ಓಡಿ ಬಂದ ಮೇಡಂ ಅತ್ತಿಗೆಯ ರೆಪ್ಪೆ ಎತ್ತಿ ನೋಡಿ, "ಝಳ ಬಡಿದಿದೆ, ಮೈ ಬೇಗ ತಣ್ಣಗಾಗ್ಬೇಕು, ಕೋಣೆ ತೆಗೀರಿ," ಎಂದಳು.

"ಧಣಿನ ಕೇಳಿ ಮೇಡಂ. ಬಾಗಿಲು ತೆಗ್ದಿಟ್ರೆ ಮಾಲು ಕೆಡುತ್ತೆ, ನನ್ ಕೆಲ್ಸ ಹೋಗುತ್ತೆ," ಎಂದ ಮೇಸ್ತ್ರಿ.

ಮೇಡಂ ಫೋನು ಮಾಡಿದಳು. ಏನೋ ಹೇಳಿದಳು, ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. "ಆಯ್ತು ಸರ್," ಎಂದಳು. ಫೋನು ಇಳಿಸಿ, "ಆಟೋ ಕಳಿಸ್ತಾರಂತೆ. ಅಲ್ಲಿವರೆಗೆ ಮೈಗೆ ನೀರು ಹಾಕಿ," ಎಂದು ಯಾರ ಮುಖವನ್ನೂ ನೋಡದೆ ಲ್ಯಾಬಿಗೆ ನಡೆದಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಒಳಗಿನವರು ತೆಗೆಯದೆ ಅದು ತೆರೆಯದು.

ನಾನು ಮೇಸ್ತ್ರಿಯ ಜೇಬಿಗೆ ಕೈ ಹಾಕಿದೆ. ಅವನು ನನ್ನ ಎದೆಗೆ ಮೊಣಕೈ ಕೊಟ್ಟು ನೂಕಿದ. "ಮುಂಡೇದೇ, ಜೇಬಿಗೆ ಕೈ ಹಾಕ್ತೀಯಾ?"

"ನಿನ್ ಮನೆ ಹಾಳಾಗ! ಉಸಿರು ಹೋಗ್ತಿದೆ ಕಣೋ, ತೆಗ್ಯೋ!" ಎಂದು ಅಜ್ಜಿ ಅವನ ಅಂಗಿ ಹಿಡಿದಳು. ಅವನು ಬಿಡಿಸಿಕೊಂಡು ಕೀಲಿಯ ಸಮೇತ ಆಫೀಸಿನೊಳಗೆ ಹೋಗಿ ಚಿಲಕ ಹಾಕಿಕೊಂಡ.

ನಲ್ಲಿಯಿಂದ ಬಕೆಟ್ಟು ತಂದು ಸುರಿದೆವು. ಬಿಸಿ ನೀರು. ಅತ್ತಿಗೆಯ ಕಾಲು ಅದುರಿತು, ಕೈ ಅದುರಿತು. ಮತ್ತೆ ಅದುರಲಿಲ್ಲ. ಅಜ್ಜಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ನನಗೆ ಅಳು ಬರಲಿಲ್ಲ. ಅವಳ ಕೆನ್ನೆಗೆ ಅಂಟಿದ್ದ ಪುಡಿಯನ್ನು ಒರೆಸುತ್ತಾ ಕುಳಿತೆ. ಒರೆಸಿದಷ್ಟೂ ನನ್ನ ಕೈಯ ಕಪ್ಪೇ ಅಂಟುತ್ತಿತ್ತು.

ಆಟೋಗಿಂತ ಮೊದಲು ಧಣಿಯ ಕಾರೇ ಬಂತು. ಮಾಲು ಒಯ್ಯುವ ಲಾರಿಯೂ ಹಿಂದೆಯೇ ಬಂತು. ಮೇಸ್ತ್ರಿ ಆಗ ಬಂದು ಕೋಣೆಯ ಬೀಗ ತೆಗೆದ. ಲಾರಿಯಲ್ಲಿ ಬಂದ ಗಂಡಾಳುಗಳು ತಲೆ ತಗ್ಗಿಸಿ ಪೆಟ್ಟಿಗೆಗಳನ್ನು ಲಾರಿಗೆ ತುಂಬಿಸಿದರು. ಅಷ್ಟೂ ಹೊತ್ತು ಬಾಗಿಲು ತೆರೆದೇ ಇತ್ತು. ತಂಪು ಗಾಳಿ ನಾವು ಕುಳಿತಲ್ಲಿಗೂ ಬರುತ್ತಿತ್ತು.

ಧಣಿ ದೂರದಲ್ಲೇ ನಿಂತ. "ಆಗ್ಬಾರದಿತ್ತು. ಅವಳಿಗೆ ಮೊದ್ಲೇ ಏನಾದ್ರೂ ಕಾಯಿಲೆ ಇತ್ತಾ?"

ಅಜ್ಜಿ ಅತ್ತಿಗೆಯ ಸೆರಗು ಸರಿಮಾಡಿದಳು.

"ಸರಿ, ಮನೆಗೆ ಕರ್ಕೊಂಡು ಹೋಗಿ. ಮುಂದೆ ಗಾಡಿ ಹೋಗ್ಬೇಕು, ಹಿಂದಿನ ಗೇಟಿಂದ ಹೋಗ್ರಿ."

"ಹಿಂದಿನ ಗೇಟಿಂದ ಕಸ ಹೋಗೋದು," ಎಂದಳು ಅಜ್ಜಿ.

ನಾನು ಅತ್ತಿಗೆಯ ಕಂಕುಳಿಗೆ ಕೈ ಕೊಟ್ಟೆ. ಅಜ್ಜಿ ಕಾಲು ಹಿಡಿದಳು. ಉಳಿದ ಹೆಂಗಸರು ಸೊಂಟಕ್ಕೆ ಕೈ ಕೊಟ್ಟರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಮುಂದಿನ ಗೇಟಿನವರೆಗೂ ಒಯ್ದು, ಲಾರಿ ಹಾಯಬೇಕಾದ ಕಡೆ ಅವಳನ್ನು ಅಡ್ಡ ಮಲಗಿಸಿ ಸುತ್ತ ಕುಳಿತೆವು. ನೆಲ ಕಾದಿತ್ತು. ಕುಳಿತೇ ಇದ್ದೆವು.

ಮೇಸ್ತ್ರಿ ಬಂದು, "ಏಳ್ರೇ ಲೌಡಿಯರಾ," ಎಂದು ಒಬ್ಬಳ ತೋಳು ಎಳೆದ. ಅವಳು ಅವನ ಕೈಯನ್ನು ಕಚ್ಚಿದಳು. ಅವನು ಹಿಂದೆ ಸರಿದ.

"ನೀನು ಗಾಡಿ ತೆಗಿಯೋ! ಪಕ್ಕದಲ್ಲಿ ಜಾಗ ಇದೆ, ಅಂಚಿಗೆ ಹತ್ತಿಸ್ಕೊಂಡು ಹೋಗು!" ಎಂದು ಧಣಿ ಡ್ರೈವರಿಗೆ ಕೂಗಿದ.

ಡ್ರೈವರ್ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದ. ಅವನು ನಮಗೆ ಗುರುತಿನವನಲ್ಲ. ಎಂಜಿನ್ ಓಡುತ್ತಿದ್ದರೆ ಮಾತ್ರ ಆ ಲಾರಿಯ ಹಿಂದಿನ ಮಾಲಿನ ಡಬ್ಬಿ ತಂಪಾಗಿರುವುದು. ಅವನು ಕೀಲಿ ತಿರುಗಿಸಿದ. ಗುರುಗುಟ್ಟುತ್ತಿದ್ದ ಶಬ್ದ ನಿಂತುಹೋಯಿತು. ಕೆಳಗಿಳಿದು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಏಯ್, ಸ್ಟಾರ್ಟ್ ಮಾಡೋ! ಬಿಸಿಲಿಗೆ ಡಬ್ಬಿ ಕಾಯ್ತಾ ಇದೆ!" ಧಣಿ ಲಾರಿಗೂ ನಮಗೂ ನಡುವೆ ಓಡಾಡಿದ. ಲಾರಿಯ ಡಬ್ಬಿಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಅವನ ದನಿ ಒಡೆಯಿತು. "ಅದ್ರೊಳಗೆ ಇರೋದು ಜೀವ ಕಣ್ರೋ... ಸತ್ತು ಹೋಗುತ್ತೆ!"

ಯಾರೂ ಏಳಲಿಲ್ಲ.