ನಲವತ್ನಾಲ್ಕು ಮತ್ತು ನಲವತ್ತೈದು

ಊರಾಚೆ ಗುಂಡು ಹೊಡೆದು ಕಲಿಯುವ ಜಲ್ಲಿಗುಂಡಿಯಲ್ಲಿ ಕ್ಲೆಮ್ ಬೂಶಾರ್ ಜೇಬಿನಿಂದ ಎರಡು ತೋಟಾ ತೆಗೆದು ಹಲಗೆ ಬೆಂಚಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದ. ಗಾಳಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು, "ನೋಡಿ ಹೇಳಿ ಮೇಷ್ಟ್ರೇ, ಯಾವುದು ದಪ್ಪ?" ಎಂದ.

"ನಿಂದೇ ದಪ್ಪ," ಎಂದ ವೆಂಡೆಲ್ ಥೋರ್‌ಸ್ಟಾಡ್. "ನಿನ್ನ ಹೊಟ್ಟೇನೂ ದಪ್ಪಗೇ ಇದೆ. ಅದನ್ನ ನೋಡಿ ಯಾವ ಕರಡಿ ಓಡಿಹೋಗಿದೆ?"

ಪಿಕಪ್ಪಿನ ಹಿಂಬಾಗಿಲು ಇಳಿಸಿಕೊಂಡು ಅದರ ಮೇಲೆ ಕೂತಿದ್ದ ಇರ್ಮಾ ನಕ್ಕಳು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಗಂಡ ವೆಂಡೆಲ್ ಕಡೆ ಚಾಚಿದಳು. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈ ಜಾಕೆಟ್ಟಿನ ಜೇಬಿನಲ್ಲೇ ಇತ್ತು.

ಎತ್ತರದಲ್ಲಿ ಎರಡು ತೋಟಾಗಳೂ ಒಂದೇ. ಕ್ಲೆಮ್‌ನದು ನಲವತ್ತೈದು, ಅಂದರೆ ಇಂಚಿನ ನೂರರಲ್ಲಿ ನಲವತ್ತೈದು ಪಾಲು ದಪ್ಪ. ಹಳೆಯ ಕಾಲದ ದನಗಾಹಿಗಳು ಸೊಂಟದ ರಿವಾಲ್ವರಿನಲ್ಲಿ ತುಂಬಿಕೊಂಡು ತಿರುಗುತ್ತಿದ್ದ ಗುಂಡು. ಭಾರ ಹೆಚ್ಚು, ವೇಗ ಕಡಿಮೆ. ಹಾರಿದಾಗ ಕೈಯನ್ನು ಒದೆಯುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ ಅಷ್ಟೆ. ವೆಂಡೆಲ್‌ನದು ಹೆಚ್ಚು ಮದ್ದು ತುಂಬಿದ ನಲವತ್ನಾಲ್ಕು ಮ್ಯಾಗ್ನಮ್. ಹೆಸರಿನಲ್ಲಿ ಒಂದು ಕಡಿಮೆ, ಹೊಡೆತದಲ್ಲಿ ಎರಡರಷ್ಟು. ಭಾನುವಾರ ಜಲ್ಲಿಗುಂಡಿಯಲ್ಲಿ ಕಾಗದದ ತಟ್ಟೆಗೆ ಹೊಡೆಯಲು, ಮನೆಯ ಬಾಗಿಲು ಮುರಿದು ಬಂದವನನ್ನು ತಡೆಯಲು ನಲವತ್ತೈದು ಸಾಕು. ಕಾಡಿಗೆ ಹೋಗುವವರ ಸೊಂಟದಲ್ಲಿ ನಲವತ್ನಾಲ್ಕೇ ಇರಬೇಕು ಎಂಬುದು ಮೊಂಟಾನಾದ ನಮ್ಮ ಈ ಕಣಿವೆಯಲ್ಲಿ ಬಹಳ ಜನರ ಮಾತು. ಅಲ್ಲ ಎನ್ನುವವರೂ ಅಷ್ಟೇ ಜನ ಇದ್ದಾರೆ. ಕ್ಷೌರದ ಅಂಗಡಿಯಲ್ಲಿ ಶುರುವಾದ ಈ ವಾದ ಚರ್ಚಿನ ಊಟದ ಸಾಲಿನಲ್ಲಿ ಮುಂದುವರಿಯುತ್ತದೆ. ಯಾರೂ ಸೋತು ಮನೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಆದರೆ ಅವತ್ತು ಅವರು ಬಾಯಿಚಪಲಕ್ಕೆ ಬಂದಿರಲಿಲ್ಲ. ಮುಂದಿನ ವಾರ ಇರ್ಮಾಳ ಜೇನುಪೆಟ್ಟಿಗೆಗಳು ಮೇಲಿನ ಹುಲ್ಲುಗಾವಲಿಗೆ ಹೋಗಬೇಕಿತ್ತು. ಹಿಮ ಕರಗಿತ್ತು, ಕರಡಿಗಳು ಎದ್ದಿದ್ದವು. ಪೆಟ್ಟಿಗೆಗಳ ಸುತ್ತ ಕರೆಂಟ್ ಬೇಲಿ ಇದೆ, ನಿಜ. ಹೋದ ಸೆಪ್ಟೆಂಬರಿನಲ್ಲಿ ಒಂದು ಮರ ಆ ಬೇಲಿಯ ಮೇಲೆಯೇ ಬಿದ್ದು ಕರೆಂಟ್ ಹೋಗಿತ್ತು. ಇರ್ಮಾ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಾಗ ಹಿಂದಿನ ಪೈನ್ ಮರಗಳ ನಡುವಿನಿಂದ ಕಂದು ಕರಡಿಯೊಂದು ಬಂತು. ಖಾರದ ಸ್ಪ್ರೇ ಅವಳ ಬಳಿ ಇತ್ತು, ಆದರೆ ಗಾಳಿ ಅವಳ ಮುಖಕ್ಕೇ ಬೀಸುತ್ತಿತ್ತು. ಕಾವಲಿಗೆ ನಿಂತಿದ್ದ ವೆಂಡೆಲ್ ಒಂದು ಗುಂಡು ಹಾರಿಸಿದ. ಅದು ಅವನ ಮುಂದೆಯೇ ನೆಲಕ್ಕೆ ಬಡಿದು ಮಣ್ಣು ಹಾರಿತು. ಸದ್ದಿಗೋ ಮಣ್ಣಿಗೋ ಕರಡಿ ಹಿಂದಿರುಗಿತು.

"ಬೇಕಂತಲೇ ನೆಲಕ್ಕೆ ಹೊಡ್ದೆ. ಪಾಪದ್ದು, ಸಾಯಿಸೋದ್ಯಾಕೆ," ಎಂದು ವೆಂಡೆಲ್ ಆಮೇಲೆ ಊರಿಗೆಲ್ಲ ಹೇಳಿದ್ದ. ಕೇಳಿದವರು ತಲೆದೂಗಿದರು. ಈ ಕಣಿವೆಯ ಅರ್ಧ ಜನಕ್ಕೆ ರಿವಾಲ್ವರ್ ಹಿಡಿಯುವುದನ್ನು ಕಲಿಸಿದವನು ಅವನು. ಮೇಷ್ಟ್ರು ಎಂದರೆ ಇಲ್ಲಿ ಶಾಲೆಯವರಲ್ಲ, ವೆಂಡೆಲ್. ಅವನು ಬೇಕಂತಲೇ ಹೊಡೆದೆ ಎಂದರೆ ಬೇಕಂತಲೇ ಹೊಡೆದಿರುತ್ತಾನೆ. ಇರ್ಮಾ ಚಳಿಗಾಲವೆಲ್ಲ ಸುಮ್ಮನಿದ್ದು, ಈಗ ಪೆಟ್ಟಿಗೆ ಸಾಗಿಸುವ ಮಾತು ಬಂದಾಗ, "ಮೊದಲು ಎರಡು ಗುಂಡನ್ನೂ ಹೊಡೆದು ನೋಡೋಣ. ಆಮೇಲೆ ಮಿಕ್ಕಿದ್ದು," ಎಂದಿದ್ದಳು.

ಮೊದಲು ಕ್ಲೆಮ್ ತನ್ನ ನಲವತ್ತೈದನ್ನು ಹಾರಿಸಿದ. ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಕಾಗದದ ತಟ್ಟೆಯಲ್ಲಿ ತೂತುಗಳು ಒಂದರ ಪಕ್ಕ ಒಂದು ಬಿದ್ದವು. ಆಮೇಲೆ ಇರ್ಮಾ ಕಿವಿಮುಚ್ಚಳ ಸರಿಮಾಡಿಕೊಂಡು ಅದೇ ನಲವತ್ತೈದನ್ನು ಹಿಡಿದು ನಿಂತಳು. ಅವಳು ಅವಸರ ಮಾಡುವವಳಲ್ಲ. ಜೇನಿನ ಜೊತೆ ಇದ್ದವರಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಅವಳ ಗುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದರೂ ಒಂದೂ ತಟ್ಟೆ ಬಿಟ್ಟು ಆಚೆ ಹೋಗಲಿಲ್ಲ.

"ಅಬ್ಬಬ್ಬಾ! ಮೇಷ್ಟ್ರೇ, ಇನ್ಮೇಲೆ ಪಾತ್ರೆ ತೊಳೆಯೋದು ನೀವೇ," ಎಂದ ಕ್ಲೆಮ್.

"ತಟ್ಟೆ ಯಾರ ಮೈಮೇಲೂ ಏರಿ ಬಂದಿಲ್ಲ ಕಣಯ್ಯ," ಎಂದು ವೆಂಡೆಲ್ ತನ್ನ ರಿವಾಲ್ವರ್ ಒರೆಯಿಂದ ತೆಗೆದ. "ಇಂಥ ಗುಂಡು ಕರಡಿಗೆ ಬಿದ್ರೆ ಅದು ತಿರುಗಿ, ಯಾರಪ್ಪಾ ಕರೆದಿದ್ದು ಅಂತ ಕೇಳುತ್ತೆ."

ನಲವತ್ನಾಲ್ಕು ಗುಡುಗಿತು. ಬೆಂಚಿನ ಮೇಲಿದ್ದ ಮುಚ್ಚಳದಲ್ಲಿ ಕಾಫಿ ನಡುಗಿತು. ಅವನ ತಟ್ಟೆಯಲ್ಲಿ ಎರಡೇ ತೂತು ಕಂಡವು, ಅವೂ ಕೆಳಗಿನ ಅಂಚಿನಲ್ಲಿ. ಉಳಿದ ಗುಂಡುಗಳು ಕೆಳಗಿನ ಜಲ್ಲಿಯನ್ನು ಕೆದಕಿದ್ದವು. "ಬಿಸಿಲು ಕಣ್ಣಿಗೆ ಹೊಡೀತಿದೆ. ಈ ಹೊಸ ಹಿಡಿ ಬೇರೆ ಸರಿಯಿಲ್ಲ," ಎಂದ ವೆಂಡೆಲ್. ಬಿಸಿಲು ಅವನ ಬೆನ್ನಿಗಿತ್ತು. ಕ್ಲೆಮ್ ಕುಚೋದ್ಯ ಮಾಡಲು ಬಾಯಿ ತೆರೆದವನು ಇರ್ಮಾಳ ಮುಖ ನೋಡಿ ಮುಚ್ಚಿಕೊಂಡ.

ಅವಳು ಗಂಡನ ಹತ್ತಿರ ಬಂದು, "ಕೊಡಿಲ್ಲಿ. ನಾನು ತುಂಬಿಕೊಡ್ತೀನಿ," ಎಂದಳು.

ರಿವಾಲ್ವರ್ ತೆಗೆದುಕೊಂಡು ಅವಳು ಗಂಡನಿಗೆ ಬೆನ್ನು ತಿರುಗಿಸಿದಳು. ಈ ಜಲ್ಲಿಗುಂಡಿಯಲ್ಲಿ ಕಲಿತ ಯಾರಿಗಾದರೂ ಹಾಗೆ ಬೆನ್ನು ತಿರುಗಿಸುವುದರ ಅರ್ಥ ಗೊತ್ತು. ಹೊಸಬರು ಗುಂಡು ಹಾರುವ ಮೊದಲೇ ಬೆದರಿ ಕೈ ಕೆಳಕ್ಕೆ ಕುಗ್ಗಿಸುತ್ತಾರೆ, ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ. ಸದ್ದು, ಒದೆತ ಎರಡರಲ್ಲಿ ಅದು ಮುಚ್ಚಿಹೋಗುತ್ತದೆ. ಯಾರಿಗೂ, ಹಾರಿಸಿದವನಿಗೂ ಕಾಣುವುದಿಲ್ಲ. ಅದಕ್ಕೆ ಕಲಿಸುವವನು ಕಾಣದಂತೆ ತಿರುಗಿ, ತುಂಬಿದ ತೋಟಾಗಳ ನಡುವೆ ಖಾಲಿಯದೊಂದನ್ನು ಸೇರಿಸಿ ಕೊಡುತ್ತಾನೆ. ಅದರ ಸರದಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಇರುವುದು ಹಾರಿಸುವವನ ಹೆದರಿಕೆ ಮಾತ್ರ. ವೆಂಡೆಲ್ ಇದನ್ನು ಎಷ್ಟು ಜನಕ್ಕೆ ಮಾಡಿದ್ದನೋ ಲೆಕ್ಕವಿಲ್ಲ. ಮದುವೆಯಾದ ಹೊಸತರಲ್ಲಿ ಇರ್ಮಾಳಿಗೂ ಮಾಡಿ, ಅವಳು ಅಳುವಂತೆ ಮಾಡಿದ್ದ.

ತನಗೂ ಯಾರಾದರೂ ಹಾಗೆ ಮಾಡಬಹುದೆಂಬ ಯೋಚನೆ ಮಾತ್ರ ಅವನಿಗೆ ಬರಲಿಲ್ಲ. ಹೆಂಡತಿ ಗಾಳಿಗೆ ಬೆನ್ನು ಕೊಟ್ಟಳೆಂದುಕೊಂಡ. ಕ್ಲೆಮ್‌ಗೆ ಗೊತ್ತಾಯಿತು. ಅವನು ತನ್ನ ಬೂಟನ್ನೇ ನೋಡುತ್ತ ನಿಂತ.

ಮೊದಲ ಗುಂಡು ಗುಡುಗಿತು. ಎರಡನೆಯ ಸಲ ಟಿಕ್ ಎಂದಿತು, ಅಷ್ಟೆ. ಆ ಟಿಕ್‌ಗೆ ವೆಂಡೆಲ್‌ನ ನಳಿಗೆ ಒಂದು ಗೇಣು ಕೆಳಗೆ ಮುಗ್ಗರಿಸಿತು. ಭುಜ ಕಿವಿಯವರೆಗೆ ಏರಿತು, ಹಲ್ಲು ಕಚ್ಚಿಕೊಂಡವು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

ಅವನು ಕಣ್ಣು ತೆರೆಯುವ ಹೊತ್ತಿಗೆ ಕ್ಲೆಮ್ ಅಲ್ಲಿರಲಿಲ್ಲ. ಹೊಸ ತಟ್ಟೆ ಸಿಕ್ಕಿಸುವ ನೆಪ ಮಾಡಿಕೊಂಡು ಗುಂಡಿಯ ಇನ್ನೊಂದು ಬದಿಗೆ ಹೋಗಿದ್ದ. ಅಲ್ಲಿ ಹಲಗೆಯೇ ಇರಲಿಲ್ಲ.

"ನಂಗೇ ಈ ಆಟ ಆಡ್ತೀಯೇನೇ?" ವೆಂಡೆಲ್ ಅವಳ ಕಡೆ ತಿರುಗಿದ. "ಅವನ ಎದುರಿಗೆ?"

"ನೀನು ನಂಗೆ ಎಂಟು ಜನರ ಎದುರಿಗೆ ಆಡಿದ್ದೆ."

"ಅದು ಕಲಿಸೋಕೆ."

"ಇದೂ ಅದಕ್ಕೇ."

ಅವನು ರಿವಾಲ್ವರ್ ಬೆಂಚಿನ ಮೇಲಿಟ್ಟ. "ಒಂದು ದಿನ ಕೈ ಸರಿಯಿಲ್ಲ ಅಂತ... ಸೆಪ್ಟೆಂಬರಲ್ಲಿ ಕರಡಿ ಓಡಿಸಿದ್ದು ಯಾರು? ಇದೇ ಗುಂಡಲ್ವಾ? ಬೇಕಾದ ಕಡೆ, ಬೇಕಂತಲೇ..."

"ವೆಂಡೆಲ್, ಅವತ್ತು ನಾನು ಕರಡೀನ ನೋಡ್ತಿರ್ಲಿಲ್ಲ," ಎಂದಳು ಇರ್ಮಾ. "ನಿನ್ನ ನೋಡ್ತಿದ್ದೆ. ನಿನ್ನ ಕಣ್ಣು ಮುಚ್ಚಿತ್ತು."

ವೆಂಡೆಲ್ ಪಿಕಪ್ಪಿನ ಹಿಂಬಾಗಿಲ ಮೇಲೆ ಹೋಗಿ ಕೂತ. ಅವನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಅದಕ್ಕಿಂತಲೂ ಹೆಚ್ಚಾಗಿ, ಇಷ್ಟು ದಿನ ಹೊತ್ತದ್ದನ್ನು ಇಳಿಸಿದ ಹಾಗೆ ಒಂದು ಸುಸ್ತು ಬಂತು. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟನ್ನು ಒತ್ತಿಕೊಂಡ.

"ಈ ಕೈ ಆಪರೇಷನ್ ಆದ್ಮೇಲೆ ಶುರುವಾಯ್ತು," ಎಂದ. "ನಾನು ಹೆದರ್ತಿಲ್ಲ ಇರ್ಮಾ. ಕೈ ಹೆದರುತ್ತೆ. ಟ್ರಿಗರ್ ಎಳೆಯೋ ಮೊದಲೇ ಅದಕ್ಕೆ ಗೊತ್ತಾಗಿಬಿಡುತ್ತೆ, ಈಗ ಒದೆತ ಬರುತ್ತೆ ಅಂತ. ಎಷ್ಟು ಬೈದ್ರೂ ಕೇಳಲ್ಲ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಜೇನು ಬಿಡ್ತಿದ್ದೆ."

ಮೇಲಿನ ಹುಲ್ಲುಗಾವಲಿನ ಜೇನಿಲ್ಲದೆ ಅವಳ ಬೇಸಿಗೆ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮಗಳು ತೀರಿಕೊಂಡ ವರ್ಷ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆ ಪೆಟ್ಟಿಗೆಗಳೇ.

ವೆಂಡೆಲ್ ಎದ್ದ. "ಆ ನಲವತ್ತೈದು ತುಂಬು. ಅದರಲ್ಲೂ ಖಾಲೀದು ಸೇರಿಸು. ಎಲ್ಲಿ ಅಂತ ಹೇಳ್ಬೇಡ," ಎಂದ. ಒದೆತ ಕಡಿಮೆಯಾದರೆ ಹೆದರಿಕೆಯೂ ಕಡಿಮೆಯಾದೀತು, ಆಮೇಲೆ ಗುಂಡಿನ ವಾದದಲ್ಲಿ ಮಾತ್ರ ಸೋತಂತಾಗುತ್ತದೆ, ಕಾವಲು ಕೈತಪ್ಪುವುದಿಲ್ಲ ಎಂದು ಅವನ ಮನಸ್ಸಿನಲ್ಲಿತ್ತು. ಇರ್ಮಾಳಿಗೂ ಅದೇ ಆಸೆ. ಅವಳು ಬೆನ್ನು ತಿರುಗಿಸಿದಳು, ತುಂಬಿದಳು, ಕೊಟ್ಟಳು.

ಮೂರನೆಯದು ಖಾಲಿ. ನಳಿಗೆ ಈ ಸಲವೂ ಮುಗ್ಗರಿಸಿತು. ಗೇಣಿನಷ್ಟಲ್ಲ, ನಾಲ್ಕು ಬೆರಳಿನಷ್ಟು. ಆದರೆ ಕಣ್ಣು ಮುಚ್ಚಿಯೇ ಇತ್ತು.

"ಇನ್ನೊಂದ್ಸಲ," ಎಂದ. ಇನ್ನೊಂದು ಸಲವೂ ಅಷ್ಟೇ ಆಯಿತು. ಮತ್ತೂ ಒಂದು ಸಲ ನೋಡಿದ. ಕೊನೆಗೆ ಇರ್ಮಾ ಅವನ ಮೊಣಕೈ ಹಿಡಿದು, "ಸಾಕು ಬಿಡೋ," ಎಂದಳು. ಚಿಕ್ಕ ಹುಡುಗನಿಗೆ ಹೇಳುವಂಥ ಆ ದನಿಯಲ್ಲಿ ಅವಳು ಹಿಂದೆ ಅವನನ್ನು ಎಂದೂ ಮಾತಾಡಿಸಿರಲಿಲ್ಲ.

"ಹಾಗಾದ್ರೆ ನೀನು ಹಿಡ್ಕೋ," ಎಂದ ವೆಂಡೆಲ್ ಕೆಳಗೆ ನೋಡುತ್ತಲೇ. "ನಲವತ್ನಾಲ್ಕು ನಿನ್ನ ಕೈಗೆ ಬೇಡ, ನಿಂಗೂ ಇದೇ ರೋಗ ಹತ್ತುತ್ತೆ. ಇದನ್ನೇ ಹಿಡ್ಕೋ. ಇದು ಕರಡೀನ ನಿಲ್ಸುತ್ತೋ ಇಲ್ವೋ ನಂಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು ಇರ್ಮಾ. "ಆದ್ರೆ ಎಲ್ಲಿಗೆ ಹೊಡೀತಿದೀನಿ ಅಂತ ನೋಡ್ತಿರ್ತೀನಿ."

ಕ್ಲೆಮ್ ಹಿಂದಿರುಗಿ ಬಂದಾಗ ಅವನ ನಲವತ್ತೈದು ಇರ್ಮಾಳ ಕೈಯಲ್ಲೇ ಇತ್ತು. ಅವನು ತನ್ನ ಬೆಲ್ಟ್ ಬಿಚ್ಚಿ, ಒರೆಯ ಸಮೇತ ಇರ್ಮಾಳ ಕೈಗೆ ಕೊಟ್ಟ. "ಹಿಮ ಬಿದ್ಮೇಲೆ ವಾಪಸ್ ಕೊಡಮ್ಮ. ನಿನ್ನ ಸೊಂಟಕ್ಕೆ ಸರಿಹೋಗೋಕೆ ಬೆಲ್ಟಿಗೆ ಇನ್ನೂ ತೂತು ಹೊಡೀಬೇಕಾಗುತ್ತೆ," ಎಂದ. ಆ ವಾರ ಊರಲ್ಲಿ ಎಲ್ಲೂ ಜಲ್ಲಿಗುಂಡಿಯ ಸುದ್ದಿ ಏಳಲಿಲ್ಲ. ಕ್ಲೆಮ್‌ನ ಬಾಯಿ ಎಂಥದೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಮುಂದಿನ ವಾರ ಪೆಟ್ಟಿಗೆಗಳು ಮೇಲಕ್ಕೆ ಹೋದವು. ಹುಲ್ಲು ಇನ್ನೂ ಗಿಡ್ಡವಾಗಿತ್ತು, ನೆರಳಿದ್ದ ಕಡೆ ಕೊಳಕು ಹಿಮ ಉಳಿದಿತ್ತು. ಬೇಲಿಯ ಬಾಗಿಲಲ್ಲಿ ಇರ್ಮಾ ಪೈನ್ ಮರಗಳ ಕಡೆ ಮುಖ ಮಾಡಿ ನಿಂತಳು. ಒಬ್ಬರು ಕಾವಲಿಗೆ ನಿಂತರೆ ಇನ್ನೊಬ್ಬರು ಕೆಲಸ ಮಾಡಬೇಕು. ಇಷ್ಟು ವರ್ಷ ಜೇನಿಗೆ ಕೈಹಾಕದಿದ್ದ ವೆಂಡೆಲ್ ಬಲೆಯ ಟೋಪಿ ಹಾಕಿಕೊಂಡು, ನೊಣಗಳನ್ನು ಶಾಂತವಾಗಿಸುವ ಹೊಗೆಡಬ್ಬಿ ಹಿಡಿದು ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಕಾಡು ಅವನ ಬೆನ್ನ ಹಿಂದಿತ್ತು.

"ನಿಧಾನ," ಎಂದಳು ಇರ್ಮಾ, ತಿರುಗದೆ. "ಕೈ ಬೀಸ್ಬೇಡ. ಮೊದಲು ಅಂಚಿನ ಚೌಕಟ್ಟು ತೆಗಿ."

ಅವನು ಜೇನುತಟ್ಟಿ ಕಟ್ಟಿದ್ದ ಆ ಮರದ ಚೌಕಟ್ಟನ್ನು ಮೇಲೆತ್ತಿ ತೆಗೆದ. ಪ್ರಯಾಣದಿಂದ ಕೆರಳಿದ್ದ ಜೇನುನೊಣಗಳು ಅವನ ಬೆರಳ ಸುತ್ತ ಗುಂಯ್‌ಗುಟ್ಟಿದವು. ಆದರೆ ಅವನ ಗಮನವೆಲ್ಲ ಕುತ್ತಿಗೆಯ ಹಿಂಭಾಗದಲ್ಲಿತ್ತು. ಅಲ್ಲಿ ಚರ್ಮ ಬಿಗಿದುಕೊಂಡು ಕೂದಲು ನೆಟ್ಟಗಾಗಿತ್ತು. ಒಂದು ಹಕ್ಕಿ ಹಾರಿದರೂ, ಒಂದು ಕೊಂಬೆ ಕಿರುಗುಟ್ಟಿದರೂ ಎದ್ದು ತಿರುಗಬೇಕೆನಿಸುತ್ತಿತ್ತು. ಇಷ್ಟು ಕಷ್ಟ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಎರಡನೆಯ ಚೌಕಟ್ಟಿಗೆ ಕೈಹಾಕಿದಾಗ ಅವನಿಗೆ ಇನ್ನೊಂದು ಹೊಳೆಯಿತು. ಕೈ ಅಲ್ಲೇ ನಿಂತಿತು.

"ಇರ್ಮಾ."

"ಹೂಂ."

"ಸೆಪ್ಟೆಂಬರಲ್ಲಿ ಅದು ಆದ್ಮೇಲೂ ನೀನು ಇಲ್ಲಿಗೆ ಬಂದಿದ್ದೆ. ಜೇನು ತೆಗೆಯೋಕೆ. ಆಮೇಲೆ ಪೆಟ್ಟಿಗೆ ಇಳಿಸೋಕೆ."

"ಬಂದಿದ್ದೆ."

"ಹೀಗೇ ಕೂತಿದ್ದೆ. ಹಿಂದೆ ನಾನು ನಿಂತಿದ್ದೆ."

"ಹೂಂ."

"ನಿಂಗೆ ಗೊತ್ತಿತ್ತು."

ಅವಳ ಕಣ್ಣು ಮರಗಳ ಮೇಲೇ ಇತ್ತು. ಗಾಳಿ ಹುಲ್ಲಿನ ಮೇಲೆ ಹಾದುಹೋಯಿತು.

"ಹೆದರಿಕೆ ಆಗ್ಲಿಲ್ವೇನೇ?"

"ಪೂರ್ತಿ ಹೊತ್ತೂ ಆಗ್ತಿತ್ತು," ಎಂದಳು ಇರ್ಮಾ.

ಆಗ ಮರಗಳ ನಡುವೆ ಏನೋ ಲಟಕ್ಕೆಂದು ಮುರಿಯಿತು. ಸಣ್ಣ ಕಡ್ಡಿಯ ಸದ್ದಲ್ಲ. ವೆಂಡೆಲ್‌ನ ಎರಡೂ ಕೈಯಲ್ಲಿ ನೊಣ ಮುತ್ತಿದ ಚೌಕಟ್ಟಿತ್ತು. ಹಿಂದೆ ಇರ್ಮಾಳ ಬೂಟು ಹುಲ್ಲಿನ ಮೇಲೆ ಜರುಗಿದ್ದು ಕೇಳಿಸಿತು, ಚರ್ಮದ ಒರೆಯಿಂದ ರಿವಾಲ್ವರ್ ಹೊರಬಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅವನು ತಿರುಗಲಿಲ್ಲ. ಒಂದು ನೊಣವೂ ಅಪ್ಪಚ್ಚಿಯಾಗದಂತೆ ಚೌಕಟ್ಟನ್ನು ಮೆಲ್ಲಗೆ ಪೆಟ್ಟಿಗೆಯೊಳಕ್ಕೆ ಇಳಿಸಿ, ಮುಂದಿನದಕ್ಕೆ ಕೈ ಚಾಚಿದ.